ಫೆಬ್ರವರಿ ಹದಿನೆಂಟರ ಹೆಂಗಸು

ರೋಸ್ವಿಥಾ ಪಾವ್ಲಾಕ್ ನಮ್ಮ ಡ್ಯೂಸ್‌ಬುರ್ಗಿಗೆ ವರ್ಷಕ್ಕೊಮ್ಮೆ ಬರುತ್ತಿದ್ದಳು. ಫೆಬ್ರವರಿ ಹದಿನೇಳರ ಸಂಜೆ ಬಂದು ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ತಂಗಿ, ಮರುದಿನ ಮಧ್ಯಾಹ್ನ ತನ್ನ ಕೆಲಸ ಮುಗಿಸಿಕೊಂಡು ಸಂಜೆಯ ರೈಲು ಹತ್ತಿಬಿಡುತ್ತಿದ್ದಳು. ಆ ಕೆಲಸ ಇಷ್ಟೇ: ಒಬ್ಬ ಗಂಡಸಿನ ಮನೆಯ ಎದುರು ಒಂದು ಗಂಟೆ ನಿಲ್ಲುವುದು. ಹತ್ತೊಂಬತ್ತು ವರ್ಷ ಹಾಗೆ ನಿಂತಳು. ಕಲ್ಲೆಸೆಯಲಿಲ್ಲ, ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಆದರೆ ಅಂಥ ಸೇಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಅಂಗಡಿ ಇರುವುದು ರೂರೋರ್ಟ್ ಬಂದರಿನ ಹತ್ತಿರ. ಬಿಯರು, ಹೊಗೆಸೊಪ್ಪು, ಪೇಪರು, ಮಧ್ಯಾಹ್ನಕ್ಕೆ ಬಟಾಣಿ ಸೂಪು. ಕಲ್ಲಿದ್ದಲು ದೋಣಿಯವರು, ಉಕ್ಕಿನ ಕಾರ್ಖಾನೆಯವರು ಪಾಳಿ ಬಿಟ್ಟ ಮೇಲೆ ಇಲ್ಲಿ ನಿಂತೇ ಮನೆಗೆ ಹೋಗುವುದು. ರೋಸ್ವಿಥಾ ಮೊದಲು ಆ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದಳು. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯಲು ಸೇರಿದವಳು, ಒಬ್ಬ ಕ್ರೇನಿನವನು ಕಾಯಿಲೆ ಬಿದ್ದಾಗ "ನಾನು ಹತ್ತಲಾ?" ಎಂದು ಕೇಳಿ ಹತ್ತಿದವಳು ಹನ್ನೊಂದು ವರ್ಷ ಕೆಳಗಿಳಿಯಲಿಲ್ಲ. ಇಪ್ಪತ್ತು ಟನ್ನಿನ ಎರಕದ ಅಚ್ಚನ್ನು ಕೋಳಿ ಮೊಟ್ಟೆ ಇಟ್ಟ ಹಾಗೆ ಕೆಳಗಿಡುತ್ತಾಳೆ ಎಂದು ಗಂಡಸರೇ ಒಪ್ಪಿಕೊಳ್ಳುತ್ತಿದ್ದರು. ಒಪ್ಪದವರೂ ಇದ್ದರು. ಒಬ್ಬ ನನ್ನ ಅಂಗಡಿಯ ಮುಂದೆಯೇ ಕೆಣಕಿದ್ದ:

"ಮೇಲೆ ಕೂತ್ಕೊಂಡು ಸ್ವೆಟರ್ ಹೆಣೀತೀಯೇನೇ ರೋಸಿ?"

"ನಿನ್ನ ಬಾಯಿ ಹೊಲಿಯೋಣ ಅಂತಿದ್ದೆ ಕಣೋ, ಅಷ್ಟುದ್ದ ನೂಲು ಸಿಗಲಿಲ್ಲ," ಎಂದು ಅವನ ಬಿಯರನ್ನೇ ಎತ್ತಿ ಕುಡಿದುಬಿಟ್ಟಿದ್ದಳು.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಆ ಕ್ರೇನಿನ ಬ್ರೇಕು ಜಾರತೊಡಗಿತು. ಪಾಳಿ ಮುಗಿದ ಮೇಲೆ ಪಾಳಿಪುಸ್ತಕದಲ್ಲಿ ಬರೆದಿಡುವುದು ಪದ್ಧತಿ. ಅವಳು ಬರೆದಳು. ನಾಲ್ಕು ದಿನ ಬಿಟ್ಟು ಮತ್ತೆ ಬರೆದಳು. ಮೂರನೆಯ ಸಲ ಅಕ್ಷರದ ಕೆಳಗೆ ಗೆರೆ ಎಳೆದು ಬರೆದಳು. ಆ ಪುಸ್ತಕ ನೋಡಿ ರಿಪೇರಿಗೆ ಹೇಳಬೇಕಾದವನು ಮೇಸ್ತ್ರಿ ಗಿಸ್ಬರ್ಟ್ ಹೋಲ್ಷರ್. "ಈ ತಿಂಗಳ ಎರಕ ಮುಗೀಲಿ, ನೋಡೋಣ," ಎಂದ.

ಫೆಬ್ರವರಿ ಹದಿನೆಂಟು, ಮಧ್ಯಾಹ್ನ ಎರಡು ದಾಟಿತ್ತು. ಅಚ್ಚು ನಡುಗಾಳಿಯಲ್ಲಿತ್ತು. ಅವಳು ಬ್ರೇಕು ಹಾಕಿದಳು, ಅಚ್ಚು ನಿಲ್ಲಲಿಲ್ಲ. ಗಂಟೆ ಬಾರಿಸಿದಳು. ಕೆಳಗಿದ್ದ ನಾಲ್ವರಲ್ಲಿ ಮೂವರು ಹಾರಿಕೊಂಡರು. ಅಚ್ಚಿನ ಕೆಳಗೆ ಸಿಕ್ಕಿ ಸತ್ತ ನಾಲ್ಕನೆಯವನು ದುರ್ಮುಷ್ ಅಕ್ಬಾಬಾ, ಸಿವಾಸ್ ಕಡೆಯ ತುರ್ಕಿಯವನು, ಆ ಊರಿಗೆ ಬಂದು ಮೂರು ವರ್ಷವಾಗಿತ್ತು. ಮೂವತ್ತೊಂದರ ಹರೆಯ. ಅವನ ಹೆಂಡತಿ ನೆಜಾಹತ್ ಬಂದು ಇನ್ನೂ ಎಂಟು ತಿಂಗಳು.

ಕಾರ್ಖಾನೆಯೊಳಗೇ ವಿಚಾರಣೆ ನಡೆಯಿತು. ಪಾಳಿಪುಸ್ತಕ ತರಿಸಿದರು. ರೋಸ್ವಿಥಾ ಬರೆದ ಪುಟಗಳು ಅದರಲ್ಲಿ ಇರಲಿಲ್ಲ. ಹೋಲ್ಷರ್ ಕೈಕಟ್ಟಿಕೊಂಡು ನಿಂತು, "ಬ್ರೇಕಿನ ವಿಷಯ ಆಕೆ ನನಗೆ ಯಾವತ್ತೂ ತಿಳಿಸಿಲ್ಲ. ಆ ದಿನ ಆಕೆಯ ಗಮನ ಎಲ್ಲೋ ಇತ್ತು," ಎಂದ. ಅವಳು ಕೂಗಾಡಿದಳು. ಕೂಗಾಡಿದ್ದೇ ಅವಳಿಗೆ ಮುಳುವಾಯಿತು. ಹೆಂಗಸು, ಉದ್ವೇಗದವಳು, ಅಷ್ಟೆತ್ತರದಲ್ಲಿ ಕೂರಿಸಿದ್ದೇ ತಪ್ಪು ಎಂದು ಬರೆದು ಮನೆಗೆ ಕಳಿಸಿದರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಹೋಖ್‌ಫೆಲ್ಡ್‌ನ ಬೇಕರಿಯಲ್ಲಿ. ಬೆಳಿಗ್ಗೆ ರೋಸ್ವಿಥಾ ಬ್ರೆಡ್ಡಿಗೆ ಸಾಲಿನಲ್ಲಿ ನಿಂತಿದ್ದಾಗ ನೆಜಾಹತ್ ಒಳಬಂದಳು. ಯಾರೋ ತೋರಿಸಿಕೊಟ್ಟಿರಬೇಕು. ನೇರ ಎದುರು ಬಂದು ಮುಖಕ್ಕೆ ಉಗಿದಳು. ಸಾಲಿನಲ್ಲಿದ್ದ ಹತ್ತು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ರೋಸ್ವಿಥಾ ಬ್ರೆಡ್ಡು ತೆಗೆದುಕೊಂಡು ಹೊರಗೆ ಬಂದಳು. ಆ ವಾರವೇ ಊರು ಬಿಟ್ಟು ಸಮುದ್ರದ ಕಡೆ, ಕುಕ್ಸ್‌ಹಾಫೆನ್‌ಗೆ ಹೋಗಿ ಮೀನಿನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದಳು. ದಿನಕ್ಕೆ ಸಾವಿರಾರು ಹೆರಿಂಗ್ ಮೀನಿನ ಹೊಟ್ಟೆ ಸೀಳುವ ಕೆಲಸ.

ಮರುವರ್ಷ ಫೆಬ್ರವರಿ ಹದಿನೇಳರ ಸಂಜೆ ಅವಳು ನನ್ನ ಅಂಗಡಿಯ ಮುಂದೆ ನಿಂತಿದ್ದಳು. ತೆಳ್ಳಗಾಗಿದ್ದಳು. ಕೈಯಿಂದ ಮೀನಿನ ವಾಸನೆ.

"ಮಾರ್ಲೀಸ್, ಒಂದು ರಾತ್ರಿ ಜಾಗ ಕೊಡ್ತೀಯಾ?"

ಚೀಲ ಮೇಲೆ ಒಯ್ದಿಡಲು ಎತ್ತಿದೆ. ಅದರ ಬಾಯಿ ಬಿಚ್ಚಿಕೊಂಡಿತು. ಒಳಗೆ ಅವಳ ಹಳೆಯ ಕಾರ್ಖಾನೆಯ ಕೋಟು, ಹಳದಿ ಹೆಲ್ಮೆಟ್ಟು, ಮತ್ತು ಪೇಪರಿನಲ್ಲಿ ಸುತ್ತಿದ ಮೀನು ಸೀಳುವ ಚಾಕು.

"ಇದೇನೇ ಇದು?"

"ಕಾಣಿಸಲ್ವಾ? ಚಾಕು."

"ಹೋಲ್ಷರ್‌ಗಾ?"

"ಮತ್ಯಾರಿಗೆ, ನಿನ್ನ ಸೂಪಿಗಾ?"

ನಾನು ಅವಳ ಕಾಲು ಹಿಡಿಯುವುದೊಂದು ಬಾಕಿ. ಅವಳು ಬೆಳಿಗ್ಗೆ ತಿಂಡಿ ತಿಂದು, ಕೋಟು ತೊಟ್ಟು, ಹೆಲ್ಮೆಟ್ಟು ಹಾಕಿಕೊಂಡು ಸೇತುವೆ ದಾಟಿ ಹೋಂಬೆರ್ಗಿಗೆ ಹೋದಳು. ರೈನ್ ನದಿಯ ಆ ದಡಕ್ಕೆ ನಮ್ಮ ಹೊಗೆ ಹೋಗುವುದಿಲ್ಲ. ಗಾಳಿ ಅಲ್ಲಿಂದ ಇಲ್ಲಿಗೆ ಬೀಸುತ್ತದೆ. ಮೇಸ್ತ್ರಿಗಳೆಲ್ಲ ಅಲ್ಲಿಯೇ ಮನೆ ಕಟ್ಟುವುದು. ನಾನು ಅಂಗಡಿಯಲ್ಲಿ ಕೂತಿದ್ದೆ. ಪೊಲೀಸು ವ್ಯಾನಿನ ಸದ್ದಿಗೆ ಕಿವಿಗೊಟ್ಟಿದ್ದೆ.

ನಾಲ್ಕು ಗಂಟೆಗೆ ಬಂದಳು. ಚಾಕು ಪೇಪರಿನಲ್ಲಿ ಸುತ್ತಿದ ಹಾಗೇ ಇತ್ತು.

"ಅವನು ಇರಲಿಲ್ಲ," ಎಂದಳು. "ಹೆಂಡತಿ ಕಂಬಳಿ ಝಾಡಿಸ್ತಿದ್ಲು. ನನ್ನ ಹೆಲ್ಮೆಟ್ ನೋಡಿದ್ಲು. ಯಾರು ಅಂತ ಗೊತ್ತಾಯ್ತು. ಮುಖ ಬಿಳುಚಿಕೊಂಡು ಕಿಟಕಿ ಹಾಕಿದ್ಲು. ಪರದೆ ಸಂದಿಂದ ನೋಡ್ತಾನೇ ಇದ್ಲು. ನಾನು ಹೋಗ್ಲಿಲ್ಲ. ಒಂದು ಗಂಟೆ ನಿಂತೆ. ಪಕ್ಕದ ಮನೆಯವರೂ ಬಂದು ನೋಡಿದ್ರು." ಸೂಪಿನ ಬಟ್ಟಲು ಹತ್ತಿರಕ್ಕೆಳೆದುಕೊಂಡಳು. ಬಂದಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ಕಳೆ ಕಂಡೆ. "ಚಾಕು ಅಂದ್ರೆ ಒಂದೇ ಸಲ ಮಾರ್ಲೀಸ್. ಇದನ್ನ ವರ್ಷ ವರ್ಷ ಮಾಡಬಹುದು."

ಹಾಗೆ ಶುರುವಾಯಿತು. ಎರಡನೆಯ ವರ್ಷ ಹೋಲ್ಷರ್ ರಜೆ ಹಾಕಿ ಕಾದಿದ್ದ. ಬಾಗಿಲು ತೆರೆದು ಬಂದು, "ಹೋಗ್ರೀ ಇಲ್ಲಿಂದ! ನಿಮಗೆ ತಲೆ ಸರಿ ಇದೆಯಾ?" ಎಂದು ಕಿರುಚಿದ. ಅವಳು ನಿಂತೇ ಇದ್ದಳು. ಕಿರುಚಿದ್ದು ಬೀದಿಗೆಲ್ಲ ಕೇಳಿತು. ಮೂರನೆಯ ವರ್ಷ ಇಬ್ಬರು ಪೊಲೀಸರನ್ನು ಕರೆಸಿದ. ಅವರಲ್ಲಿ ಹಿರಿಯ ಪೊಲೀಸಪ್ಪ ನಮ್ಮ ಗಿರಾಕಿಯೇ. ಅವನೇ ಬಂದು ನಗುತ್ತ ಹೇಳಿದ:

"'ಏನ್ರಮ್ಮ ಮಾಡ್ತಿದೀರಿ?' ಅಂದೆ. 'ನಿಂತಿದೀನಿ' ಅಂದ್ಲು. 'ಯಾಕೆ?' ಅಂದೆ. 'ಕೂರೋಕೆ ಬೆಂಚಿಲ್ಲ' ಅಂತಾಳೆ! ಬೀದಿಲಿ ನಿಂತೋರನ್ನ ಯಾವ ಕಾನೂನಲ್ಲಿ ಹಿಡೀಲಿ? ಹೋಲ್ಷರ್‌ಗೆ ಹೇಳಿಬಿಟ್ಟೆ: ಸ್ವಾಮಿ, ಆಕೆ ಯಾಕೆ ನಿಂತಿದಾಳೆ ಅಂತ ನಿಮಗೆ ಗೊತ್ತಿದ್ರೆ ನೀವೇ ಹೋಗಿ ಮಾತಾಡಿ."

ಹೋಲ್ಷರ್ ಮಾತಾಡಲಿಲ್ಲ. ಬೇಲಿಗಿಡ ನೆಟ್ಟ. ಅದು ಎದೆಮಟ್ಟ ಬರುವಷ್ಟರಲ್ಲಿ ಬೀದಿಯವರೆಲ್ಲ ರೋಸ್ವಿಥಾಳನ್ನು ಮಾತಾಡಿಸಿ ಆಗಿತ್ತು. ಕೇಳಿದವರಿಗೆ ಅವಳು ಎರಡೇ ಮಾತು ಹೇಳುತ್ತಿದ್ದಳು: "ನಾನು ಮೂರು ಸಲ ಬರೆದೆ. ಇವನು ಹರಿದ." ಫೆಬ್ರವರಿ ಬಂದರೆ ಆ ಬೀದಿಯಲ್ಲಿ ಹೋಲ್ಷರನ ಜೊತೆ ನಗುತ್ತ ಮಾತಾಡುವವರು ಕಡಿಮೆಯಾಗುತ್ತಿದ್ದರು. ಪಾರಿವಾಳ ಸಾಕುವವರ ಸಂಘದಲ್ಲಿ ಅವನನ್ನು ಅಧ್ಯಕ್ಷನಾಗಿ ಮಾಡಬೇಕೆಂದಿದ್ದರು, ಬೇರೆಯವನನ್ನು ಮಾಡಿದರು. ಈ ಸುದ್ದಿಯನ್ನು ರೋಸ್ವಿಥಾಳಿಗೆ ಬರೆದು ಕಳಿಸಿದವಳು ನಾನೇ. ನನಗೇನು ದ್ವೇಷವಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆ ಬೇಕರಿಯ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಹತ್ತು ಜನರಲ್ಲಿ ನಾನೂ ಒಬ್ಬಳು.

ಎಂಬತ್ತೆರಡರಲ್ಲಿ ಹೋಲ್ಷರ್ ಹೇಳದೆ ಕೇಳದೆ ಮನೆ ಮಾರಿ ಹೋಗಿಬಿಟ್ಟ. ಬೇಸಿಗೆಯಲ್ಲಿ ಒಬ್ಬ ಲಾರಿಯವನು ಸೊಂಟ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. "ಕ್ರೇಫೆಲ್ಡ್‌ನಲ್ಲಿ ಯಾವನೋ ಹೋಲ್ಷರ್ ಅಂತೆ, ಮೂರನೇ ಮಹಡಿಗೆ ಪಿಯಾನೋ ಹೊರಿಸಿದ. ಬಾರಿಸೋಕೆ ಬರೋರು ಮನೇಲಿ ಒಬ್ರೂ ಇಲ್ಲ!" ಎಂದ. ನಾನು ಅವನಿಗೆ ಎರಡು ಬಿಯರು ಪುಕ್ಕಟೆ ಕೊಟ್ಟು ಬೀದಿಯ ಹೆಸರು ಕೇಳಿಕೊಂಡೆ.

ಮುಂದಿನ ಫೆಬ್ರವರಿ ಹದಿನೆಂಟಕ್ಕೆ ಕ್ರೇಫೆಲ್ಡ್‌ನ ಆ ಬೀದಿಯ ಎದುರು ಬದಿಯಲ್ಲಿ ಹಳದಿ ಹೆಲ್ಮೆಟ್ಟು ಎದ್ದು ನಿಂತಿತು. ಮೂರನೇ ಮಹಡಿಯ ಕಿಟಕಿಯಲ್ಲಿ ಹೋಲ್ಷರನ ಕೈಯಿಂದ ಕಾಫಿ ಬಟ್ಟಲು ಬಿದ್ದದ್ದು ತನಗೆ ಕೆಳಗಿನಿಂದಲೇ ಕಂಡಿತು ಎಂದು ಅವಳು ಬಂದು ಹೇಳಿದಾಗ ನಾವಿಬ್ಬರೂ ಮೇಜು ಬಡಿದುಕೊಂಡು ನಕ್ಕೆವು. ಇನ್ನೊಂದು ವರ್ಷ ಆ ದಿನ ಕಾರ್ನಿವಲ್ ಹಬ್ಬದ ಸೋಮವಾರವೇ ಬಂತು. ಬಣ್ಣ ಬಳಿದುಕೊಂಡ, ಕುಡಿದ ಜನ. ಕೋಡಂಗಿ ವೇಷದವನೊಬ್ಬ ಅವಳ ಹೆಗಲ ಮೇಲೆ ಕೈ ಹಾಕಿ, "ಅಕ್ಕಾ, ನಿಂದೇನು ವೇಷ?" ಎಂದನಂತೆ.

"ಕ್ರೇನ್ ನಡೆಸೋಳು."

"ಚೆನ್ನಾಗಿದೆ! ಮುಖ ಮಾತ್ರ ಸ್ವಲ್ಪ ನಗಿಸ್ಕೋ."

"ಆ ಮೂರನೇ ಮಹಡಿಯವನನ್ನ ಇಳಿದು ಬರೋಕೆ ಹೇಳು, ನಗ್ತೀನಿ."

ಕೋಡಂಗಿ ನಿಜವಾಗಿಯೂ ಮೇಲೆ ಹೋಗಿ ಬಾಗಿಲು ಬಡಿದ. ಹಿಂದೆ ಇಪ್ಪತ್ತು ಜನ ಡೋಲು ಬಾರಿಸುತ್ತ. ಆ ದಿನ ಹೋಲ್ಷರ್ ದೀಪ ಆರಿಸಿಕೊಂಡು ಮಂಚದ ಕೆಳಗೆ ಕೂತಿದ್ದ ಎಂದು ಆಮೇಲೆ ಅವನ ಹೆಂಡತಿಯೇ ಹೇಳಿದಳು.

ಇದೆಲ್ಲ ಬಿಟ್ಟಿಯಾಗಿ ಆದದ್ದಲ್ಲ. ಕುಕ್ಸ್‌ಹಾಫೆನ್‌ನಲ್ಲಿ ಓನ್ನೋ ಎಂಬ ದೋಣಿ ರಿಪೇರಿಯವನಿದ್ದ. ಹೆಂಡತಿ ತೀರಿಕೊಂಡವನು, ಒಳ್ಳೆಯವನು. ಇವಳನ್ನು ಮದುವೆಯಾಗುತ್ತೇನೆಂದ. ಎಪ್ಪತ್ತೊಂಬತ್ತರಲ್ಲಿ, "ಫೆಬ್ರವರಿಯಲ್ಲಿ ನನ್ನ ತಂಗಿ ಮಗಳ ಮದುವೆ. ಇದೊಂದು ವರ್ಷ ಅಲ್ಲಿಗೆ ಹೋಗಬೇಡ, ನನ್ನ ಜೊತೆ ಬಾ," ಎಂದು ಕೇಳಿಕೊಂಡ. ಇವಳು ಡ್ಯೂಸ್‌ಬುರ್ಗಿಗೇ ಬಂದಳು. ನಾನು ರೇಗಿದೆ.

"ಒಂದು ವರ್ಷ ತಪ್ಪಿದ್ರೆ ಆಕಾಶ ಕಳಚಿ ಬೀಳ್ತಿತ್ತಾ? ಬಂಗಾರದಂಥ ಗಂಡು ಕಣೇ!"

"ಒಂದು ವರ್ಷ ತಪ್ಪಿದ್ರೆ ಅವನು ನಾನು ಸತ್ತೆ ಅಂದ್ಕೋತಾನೆ. ಆ ಒಂದು ದಿನದ ನೆಮ್ಮದೀನೂ ಅವನಿಗೆ ಕೊಡಲ್ಲ."

ಓನ್ನೋ ಬೇರೆಯವಳನ್ನು ಮದುವೆಯಾದ.

ತೊಂಬತ್ಮೂರು, ಹತ್ತೊಂಬತ್ತನೆಯ ಸಲ. ನಿಂತು ವಾಪಸು ಬಂದು ಅವಳು ಬೂಟು ಬಿಚ್ಚುತ್ತಿದ್ದಾಗ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಬೂದು ಕೋಟಿನ ಮುದುಕಿ ಇಳಿದಳು. ಹೋಲ್ಷರನ ಹೆಂಡತಿ, ಅನ್ನೆಗ್ರೆಟ್. ರೋಸ್ವಿಥಾಳ ಬಸ್ಸಿನ ಹಿಂದೆಯೇ ಕಾರು ಓಡಿಸಿಕೊಂಡು ಬಂದಿದ್ದಳು.

"ನಿಮಗೆ ಏನು ಬೇಕು?" ಎಂದಳು. "ನಮಗೆ ಎಪ್ಪತ್ತು ಹತ್ತಿರ ಆಯ್ತು. ಜನವರಿ ಬಂದ್ರೆ ಅವರು ಊಟ ಬಿಡ್ತಾರೆ. ನಾನು ನಿಮ್ಮ ಮುಖ ನನ್ನ ತಾಯಿ ಮುಖಕ್ಕಿಂತ ಚೆನ್ನಾಗಿ ಬಲ್ಲೆ. ಏನು ಬೇಕು ಹೇಳಿಬಿಡಿ."

"ಪುಟ ಹರಿದಿದ್ದು ನಿಮಗೆ ಗೊತ್ತಾ?"

ಆಕೆ ಅಲ್ಲಿದ್ದ ಕುರ್ಚಿಯಲ್ಲಿ ಕೂತಳು. "ಅವರು ಹೇಳಿಲ್ಲ. ನಾನು ಕೇಳಿಲ್ಲ. ಕೇಳಿದ್ರೆ ಜೊತೆಲಿ ಬಾಳೋಕಾಗಲ್ಲ ಅಂತ ಗೊತ್ತಿತ್ತು."

"ಹಾಗಾದ್ರೆ ಕೇಳಿಸ್ಕೊಳ್ಳಿ," ಎಂದಳು ರೋಸ್ವಿಥಾ. "ಬಂದು ಹೇಳಬೇಕು. ನನ್ನ ಹತ್ರ ಅಲ್ಲ. ನೆಜಾಹತ್ ಅಕ್ಬಾಬಾ ಹೋಖ್‌ಫೆಲ್ಡ್‌ನಲ್ಲೇ ಇದಾಳೆ. ಅವಳ ಅಡುಗೆಮನೇಲಿ, ಅವಳ ಕಣ್ಣು ನೋಡಿ ಹೇಳಬೇಕು. ಬರೆದು ಸಹಿ ಹಾಕಬೇಕು. ಆಮೇಲೆ ನಾನು ನಿಮ್ಮ ಬೀದಿಗೆ ಕಾಲಿಡಲ್ಲ. ನನ್ನ ಮಾತು ಮಾತು."

ಮರುದಿನ ಹನ್ನೊಂದು ಗಂಟೆಗೆ ಅನ್ನೆಗ್ರೆಟ್ ಗಂಡನನ್ನು ತೋಳು ಹಿಡಿದು ಕರೆತಂದಳು. ಅವನು ಬರಲು ಒಪ್ಪಿದ್ದು, ಆಕೆ ಮನೆ ಬಿಡಲು ತನ್ನ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟ ಮೇಲೆ. ಸಾಕ್ಷಿಗಿರಲಿ ಎಂದು ರೋಸ್ವಿಥಾ ನನ್ನನ್ನೂ ಜೊತೆಗೆ ಕರೆದೊಯ್ದಳು.

ನೆಜಾಹತ್ ಮರುಮದುವೆಯಾಗಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮಾಡಿ ಒಂಟಿಯಾಗಿ ಬದುಕಿದ್ದಳು. ಬಾಗಿಲು ತೆರೆದವಳು ರೋಸ್ವಿಥಾಳನ್ನು ಕಂಡು ಗುರುತು ಹಿಡಿದು, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀನಾ? ನನ್ನ ಮನೆಗೆ?"

"ನಾನು ಹೊರಗೆ ನಿಲ್ತೀನಿ. ಇವರು ಒಂದು ಮಾತು ಹೇಳಬೇಕಂತೆ. ಕೇಳು. ಆಮೇಲೆ ಇನ್ನೊಂದು ಸಲ ಉಗೀಬೇಕು ಅನ್ಸಿದ್ರೆ ಉಗಿ."

ನೆಜಾಹತ್ ನಮ್ಮೆಲ್ಲರನ್ನೂ ನೋಡಿ, ತಲೆಯ ಮೇಲಿನ ಬಟ್ಟೆ ಬಿಗಿಮಾಡಿಕೊಂಡು ರೋಸ್ವಿಥಾಳನ್ನೂ ಸೇರಿಸಿ ಎಲ್ಲರನ್ನೂ ಒಳಗೆ ಬಿಟ್ಟಳು. ಮನೆಗೆ ಬಂದವರು ಶತ್ರುಗಳಾದರೂ ತುರ್ಕಿಯವರಲ್ಲಿ ಚಹಾ ಕೊಡದೆ ಕೂರಿಸುವುದಿಲ್ಲ. ಸಣ್ಣ ಗಾಜಿನ ಲೋಟಗಳಲ್ಲಿ ಐದು ಚಹಾ ಬಂತು. ಒಂದನ್ನು ಹೋಲ್ಷರನ ಮುಂದಿಟ್ಟು, "ಹೇಳಿ," ಎಂದಳು.

ಹೋಲ್ಷರ್ ಮೇಜನ್ನು ನೋಡುತ್ತ ಹೇಳಿದ. ಈಕೆ ಮೂರು ಸಲ ಬರೆದಿದ್ದಳು. ನಾನು ಓದಿದ್ದೆ. ಕ್ರೇನು ನಿಲ್ಲಿಸಿದರೆ ಆ ತಿಂಗಳ ಎರಕ ತಪ್ಪುತ್ತಿತ್ತು. ಬಡ್ತಿಗೆ ನನ್ನ ಹೆಸರು ಹೋಗಿತ್ತು. ಅವತ್ತು ಸಾಯಂಕಾಲ, ನಿಮ್ಮ ಗಂಡನನ್ನು ಇನ್ನೂ ಒಯ್ದಿರಲಿಲ್ಲ, ನಾನು ಕಚೇರಿಗೆ ಹೋಗಿ ಪುಟ ಹರಿದು ಒಲೆಗೆ ಹಾಕಿದೆ.

"ಕಣ್ಣು ನೋಡಿ," ಎಂದಳು ಅನ್ನೆಗ್ರೆಟ್.

ಅವನು ತಲೆ ಎತ್ತಿದ. "ಒಲೆಗೆ ಹಾಕಿದೆ," ಎಂದು ಮತ್ತೊಮ್ಮೆ ಹೇಳಿದ. ಎರಡು ಹಾಳೆಯಲ್ಲಿ ಬರೆದು ತಂದದ್ದನ್ನು ಮೇಜಿನ ಮೇಲಿಟ್ಟ. ಕೆಳಗೆ ಸಹಿ ಇತ್ತು.

ನೆಜಾಹತ್ ಅಳಲಿಲ್ಲ. ಎದ್ದು ಹೋಲ್ಷರನ ಮುಂದಿದ್ದ ಚಹಾ ಲೋಟ ತೆಗೆದುಕೊಂಡಳು. ಅವನು ಇನ್ನೂ ಮುಟ್ಟಿರಲಿಲ್ಲ. ಚಹಾವನ್ನು ತೊಟ್ಟಿಗೆ ಚೆಲ್ಲಿ, ಲೋಟಕ್ಕೆ ಸೋಪು ಹಾಕಿ ತೊಳೆದಳು. ಬಿಸಿನೀರು ಬಿಟ್ಟು ಇನ್ನೊಂದು ಸಲ ತೊಳೆದಳು. ಒರೆಸಿ ಕಪಾಟಿನಲ್ಲಿಟ್ಟು ಬಂದು ಕೂತಳು.

"ನಾನು ನಿನ್ನ ಮುಖಕ್ಕೆ ಉಗಿದಿದ್ದೆ," ಎಂದಳು ರೋಸ್ವಿಥಾಳಿಗೆ.

"ಹೌದು."

"ಒರೆಸ್ಕೊಂಡ್ಯಾ?"

"ಇಲ್ಲ. ಮನೆವರೆಗೂ ಹಾಗೇ ಹೋದೆ."

ನೆಜಾಹತ್ ಅವಳ ಕೈ ಹಿಡಿಯಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಅವಳ ಲೋಟಕ್ಕೆ ಮತ್ತೆ ಚಹಾ ಹಾಕಿ ಸಕ್ಕರೆ ಡಬ್ಬಿ ಮುಂದೆ ತಳ್ಳಿದಳು. ಹೋಲ್ಷರನ ಮನೆಯೆದುರು ಇವಳು ನಿಲ್ಲುವ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಆಮೇಲೆ ಕೇಳಿದಳು: "ನೀನು ಎಷ್ಟು ಗಂಟೆಗೆ ನಿಲ್ತೀಯ ಅಲ್ಲಿ?"

"ಎರಡಕ್ಕೆ. ಮೂರರವರೆಗೆ."

"ಬಸ್ಸು ಇದೆಯಾ?"

ಹೋಲ್ಷರ್ ಕುರ್ಚಿಯಿಂದ ಅರ್ಧ ಎದ್ದ. "ಇಲ್ಲ, ಇಲ್ಲ! ಹೇಳಿದೆನಲ್ಲ! ಹೇಳಿದ್ರೆ ಮುಗೀತು ಅಂತ ಮಾತು ಕೊಟ್ಟಿದ್ರಿ!"

"ನಾನು ಕೊಟ್ಟಿದ್ದೆ," ಎಂದಳು ರೋಸ್ವಿಥಾ. "ನನ್ನದು ಮುಗೀತು. ಅವಳದು ಇವತ್ತು ಶುರು."

ಆ ಎರಡು ಹಾಳೆಯನ್ನು ನಾವು ಕಾರ್ಮಿಕರ ಸಂಘಕ್ಕೆ ಒಯ್ದೆವು. ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದರು. ಹಳಬರು ಕೆಲವರು ಬಂದು ರೋಸ್ವಿಥಾಳ ಕೈ ಕುಲುಕಿದರು. ವಕೀಲರನ್ನು ಕೇಳಿದ್ದಕ್ಕೆ, ಇಷ್ಟು ವರ್ಷವಾದ ಮೇಲೆ ಹೋಲ್ಷರನ ಮೇಲೆ ಕಾನೂನಿನಲ್ಲಿ ಏನೂ ಆಗುವುದಿಲ್ಲ, ಗಡುವು ದಾಟಿದೆ ಎಂದರು.

"ಕಾನೂನಿಗೆ ಗಡುವು ಇರಬಹುದು," ಎಂದಳು ನೆಜಾಹತ್. "ನನಗೆ ಯಾರು ಗಡುವು ಹಾಕಿದ್ದು?"

ಮುಂದಿನ ಫೆಬ್ರವರಿಯಲ್ಲಿ ನೆಜಾಹತ್ ಹೋಗಿ ನಿಂತಳು. ಹೆಲ್ಮೆಟ್ಟು ಹಾಕಲಿಲ್ಲ. ಗಂಡನ ಫೋಟೊವನ್ನು ಕಟ್ಟು ಹಾಕಿಸಿ ಎದೆಗೆ ಹಿಡಿದಿದ್ದಳು. ರೋಸ್ವಿಥಾ ಕುಕ್ಸ್‌ಹಾಫೆನ್‌ನಿಂದ ಬಂದಳು, ಆದರೆ ಆ ಬೀದಿಗೆ ಹೋಗಲಿಲ್ಲ. ಕೊಟ್ಟ ಮಾತು ಮುರಿಯಲಿಲ್ಲ. ನನ್ನ ಅಂಗಡಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಎರಡು ಗಂಟೆಗೆ, "ಈಗ ನಿಂತಳು," ಎಂದಳು. ಸಂಜೆ ನೆಜಾಹತ್ ಬಂದಾಗ ರೋಸ್ವಿಥಾ ಅವಳ ಕಾಲಿಗೆ ಬಿಸಿನೀರಿನ ಬೋಗುಣಿ ಇಟ್ಟಳು.

"ಕಿಟಕಿಗೆ ಬಂದ್ನಾ?"

"ಬಂದ. ಫೋಟೊ ನೋಡಿದ. ಕೂತ್ಬಿಟ್ಟ."

"ಅವಳು?"

"ಅನ್ನೆಗ್ರೆಟ್ ಕೆಳಗೆ ಬಂದು ಒಂದು ಕುರ್ಚಿ ಇಟ್ಟು ಹೋದ್ಲು. ನಾನು ಕೂರ್ಲಿಲ್ಲ."

ಹೀಗೆ ಐದು ಫೆಬ್ರವರಿ. ತೊಂಬತ್ತೆಂಟರ ಬೇಸಿಗೆಯಲ್ಲಿ ಹೋಲ್ಷರ್ ಸತ್ತ. ಅನ್ನೆಗ್ರೆಟ್ ಫೋನು ಮಾಡಿ ತಿಳಿಸಿದಳು. ನಾನು ಇಬ್ಬರಿಗೂ ಹೇಳಿದೆ. ನೆಜಾಹತ್, "ನಿಜವಾಗ್ಲೂ ಸತ್ನಾ? ನೋಡಿದ್ರಾ?" ಎಂದು ಕೇಳಿದಳು. ರೋಸ್ವಿಥಾ, "ಆ ದಿನದಿಂದ ಇಪ್ಪತ್ತನಾಲ್ಕು ವರ್ಷ ನಾಲ್ಕು ತಿಂಗಳು," ಎಂದು ಫೋನಿಟ್ಟಳು.

ಆ ಶರತ್ಕಾಲದಲ್ಲಿ ಅವಳು ಮೀನಿನ ಕೆಲಸ ಬಿಟ್ಟು, ಎರಡು ಪೆಟ್ಟಿಗೆ ಹಿಡಿದು, ನನ್ನ ಮೇಲಿನ ಕೋಣೆಗೆ ಶಾಶ್ವತವಾಗಿ ಬಂದಳು. ಅಷ್ಟರಲ್ಲಿ ಆ ಕಾರ್ಖಾನೆಯ ಕೊನೆಯ ಒಲೆ ಆರಿತ್ತು. ಕ್ರೇನುಗಳನ್ನು ಕತ್ತರಿಸಿ ದೋಣಿಗೆ ತುಂಬುವುದನ್ನು ನಾವು ಮೂವರು ಹೆಂಗಸರು ದಡದಲ್ಲಿ ನಿಂತು ನೋಡಿದೆವು. ತನ್ನ ಕ್ರೇನಿನ ಸರದಿ ಬಂದಾಗ ರೋಸ್ವಿಥಾ ಬೆನ್ನು ತಿರುಗಿಸಿದಳು.

ಒಮ್ಮೆ ಆಲೂಗಡ್ಡೆ ಸುಲಿಯುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ. "ಓನ್ನೋನ ಬಿಟ್ಟಿದ್ದಕ್ಕೆ ಪಶ್ಚಾತ್ತಾಪ ಇಲ್ವೇನೇ?"

"ಇದೆ."

"ಮತ್ತೆ?"

"ಅದನ್ನೂ ಹೋಲ್ಷರನ ತಲೆಗೇ ಹಾಕಿದೀನಿ. ಅವನಲ್ದೆ ಇನ್ಯಾರು ಹೊರಬೇಕು?"

ಎರಡು ಸಾವಿರದ ಆರರಲ್ಲಿ ಅವಳ ಶ್ವಾಸಕೋಶ ಕೆಟ್ಟಿತು. ಹಾಸಿಗೆಯ ಪಕ್ಕ ಪಾದ್ರಿ ಬಂದು ಕೂತರು. ವಯಸ್ಸಿನಲ್ಲಿ ಚಿಕ್ಕವರು, ಮೆದು ಮಾತಿನವರು. ಮನಸ್ಸಿನಲ್ಲಿ ಯಾರ ಮೇಲಾದರೂ ಕಹಿ ಉಳಿದಿದ್ದರೆ ಈಗ ಬಿಟ್ಟುಬಿಡಬಹುದಲ್ಲ ಎಂದರು. ಅವಳು ಉಸಿರು ಸಾಲದೆ ನಿಂತು ನಿಂತು ಹೇಳಿದಳು:

"ಸ್ವಾಮಿ, ಅವನು ನನ್ನ ಹತ್ರ ಕ್ಷಮೆ ಕೇಳ್ಲೇ ಇಲ್ಲ. ಮುಗೀತಾ ಮುಗೀತಾ ಅಂತ ಕೇಳ್ದ. ಅಷ್ಟೇ."

ಪಾದ್ರಿ ಎದ್ದರು. ಬಾಗಿಲ ಬಳಿ ನಿಂತಿದ್ದ ನೆಜಾಹತ್ ಅವರಿಗೆ ಕೋಟು ತಂದುಕೊಟ್ಟಳು.

ರೋಸ್ವಿಥಾಳನ್ನು ಮಣ್ಣು ಮಾಡುವ ದಿನ ಬಂದರಿನ ಕಡೆಯಿಂದ ಗಾಳಿ ಬಲವಾಗಿತ್ತು. ಹದಿನಾರು ಜನ ಬಂದಿದ್ದರು. ಅನ್ನೆಗ್ರೆಟ್ ಕೂಡ ಬಂದಿದ್ದಳು, ಎಂಬತ್ತರ ಮುದುಕಿ, ಗೇಟಿನ ಹೊರಗೇ ನಿಂತಿದ್ದಳು. ಎಲ್ಲರೂ ಹೋದ ಮೇಲೆ ನೆಜಾಹತ್ ಅಂಗೈಗಳನ್ನು ಮೇಲೆ ಮಾಡಿ ತನ್ನ ಭಾಷೆಯಲ್ಲಿ ಪ್ರಾರ್ಥನೆ ಹೇಳಿ, ಮುಖ ಸವರಿಕೊಂಡಳು.

"ಕೆಟ್ಟ ಹಟದ ಹೆಂಗಸು," ಎಂದಳು.

"ನೀನೇನು ಕಮ್ಮಿನಾ?" ಎಂದೆ.

"ನಾನು ಅವಳಿಂದ ಕಲಿತಿದ್ದು," ಎಂದು ಅವಳು ನನ್ನ ತೋಳು ಹಿಡಿದಳು. ಇಬ್ಬರೂ ಟ್ರಾಮಿನ ಕಡೆ ನಡೆದೆವು.